ಹಳೇ ಜುಬ್ಬದ ಕಟಿಂಗ್, ಖಣದ ಟಾಪ್

ಹಳೇ ಬಟ್ಟೆ ಹುಡುಕೋದು ನನಗೊಂದು ಚಟ. ಚಿಕ್ಕಪೇಟೆ ಹತ್ತಿರದ ಸಂಡೆ ಬಜಾರ್‌ಗೆ ಬಿಸಿಲೇರುವ ಮುಂಚೆ ಹೋದರೆ, ಪ್ಯಾಂಟು ಶರ್ಟುಗಳ ರಾಶಿಯಲ್ಲಿ ಒಂದೊಂದು ಸಲ ಅದೃಷ್ಟ ಖುಲಾಯಿಸುತ್ತದೆ. ಹಾಗೆ ಸಿಕ್ಕಿದ್ದೇ ಒಂದು ಬಿಳಿ ಹತ್ತಿ ಜುಬ್ಬ. ಕೊರಳಪಟ್ಟಿ ಸವೆದು ಹೋಗಿತ್ತು. ಪರವಾಗಿಲ್ಲ, ನಾನು ತಂದಿದ್ದು ಹಾಕಿಕೊಳ್ಳೋಕಲ್ಲ, ಬಿಚ್ಚಿ ನೋಡೋಕೆ.

ಹಳೇ ಫ್ಯಾಷನ್ ಅಂದರೆ ಹಳೇ ಫೋಟೋದಲ್ಲಿ ಇರುವ ಹಾಗೇ ವೇಷ ಕಟ್ಟೋದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಪಫ್ ತೋಳು, ಮೇಲೊಂದು ಬ್ರೋಚ್. ಮದುವೆ ಮನೆಗೆ ಚೆನ್ನ. ದಿನಾ ಆಫೀಸಿಗೆ ಆಗುತ್ತಾ? ನನಗೆ ನೋಟಕ್ಕಿಂತ ಆಗಿನವರ ಕಟಿಂಗ್ ಮೇಲೇ ಕಣ್ಣು.

ಹೊಲಿಗೆ ಬಿಚ್ಚಿ ಹಾಸಿದಾಗ ಎಲ್ಲವೂ ನೇರ ತುಂಡುಗಳೇ. ಹೆಗಲಲ್ಲಿ ಹೊಲಿಗೆಯೇ ಇಲ್ಲ. ಹಿಂದು ಮುಂದು ಸೇರಿ ಒಂದೇ ಉದ್ದದ ಬಟ್ಟೆ, ಮಧ್ಯಕ್ಕೆ ಮಡಚಿದ್ದು. ತೋಳೂ ನೇರ. ಕಂಕುಳಲ್ಲಿ ಮಾತ್ರ ಒಂದು ಪುಟ್ಟ ಚೌಕದ ತುಂಡು. ಈಗಿನ ಶರ್ಟಿಗೆ ತೋಳು ಕೂರಿಸಲು ಬಟ್ಟೆಯನ್ನು ಬಾಗಿಸಿ ಕತ್ತರಿಸುತ್ತಾರೆ, ಚೂರುಪಾರು ಜಾಸ್ತಿ ಬೀಳುತ್ತದೆ. ಇಲ್ಲಿ ಬಹುತೇಕ ಏನೂ ದಂಡವಿಲ್ಲ. ಕೈಮಗ್ಗದ ಬಟ್ಟೆಯ ಪನ್ನಾ, ಅಂದರೆ ಅಗಲ, ಕಮ್ಮಿ ಇದ್ದಾಗ ಹುಟ್ಟಿದ ಜಾಣತನ ಇದು.

ಪನ್ನಾ ಕಮ್ಮಿ ಅಂದ ಕೂಡಲೇ ನೆನಪಾಗಿದ್ದು ಬೀರುವಿನಲ್ಲಿದ್ದ ಗುಳೇದಗುಡ್ಡದ ಖಣ. ಬಾಗಲಕೋಟೆ ಕಡೆ ಇಳಕಲ್ ಸೀರೆ ಮೇಲೆ ತೊಡುವ ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಅಗಲ ಹೆಚ್ಚುಕಮ್ಮಿ 30 ಇಂಚು. ಎರಡೂ ಕಡೆ ಅಂಚು. ಈಗಿನ ಕುರ್ತಿಗೆ ಕತ್ತರಿಸಿದರೆ ಆ ಅಂಚೆಲ್ಲ ಹೋಯಿತು. ಜುಬ್ಬದ ಹಾಗೆ ನೇರಕ್ಕೆ ಕತ್ತರಿಸಿದರೆ ಅಂಚು ಉಳಿಯುತ್ತದೆ. ಅದನ್ನು ಮುಂಗೈಗೆ ಬರುವ ಹಾಗೆ ಇಟ್ಟೆ.

ಒಂದು ಕಡೆ ಮಾತ್ರ ಜುಬ್ಬದ ದಾರಿ ಬಿಟ್ಟೆ. ನನ್ನ ಖಣದಲ್ಲಿದ್ದದ್ದು ತೇರಿನ ಬುಟ್ಟಾ. ಹೆಗಲಲ್ಲಿ ಸುಮ್ನೆ ಮಡಚಿದರೆ ಬೆನ್ನಿನ ಮೇಲೆ ತೇರು ತಲೆಕೆಳಗಾಗುತ್ತದೆ! ಹಾಗಾಗಿ ಎರಡು ತುಂಡು ಮಾಡಿ ಹೆಗಲಿಗೆ ಹೊಲಿಗೆ ಹಾಕಿದೆ. ಕೊರಳು ಅಮ್ಮನ ಹಳೇ ಬ್ಲೌಸ್‌ನಿಂದ ಕದ್ದದ್ದು, ಬೋಟ್ ನೆಕ್.

ಕತ್ತರಿಸುವ ಮೊದಲು ಒಂದು ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಕಡುಗೆಂಪು ಬಣ್ಣ ಬಿಡುವ ಸಾಧ್ಯತೆ ಇದೆ. ಬಿಟ್ಟರೆ ತಣ್ಣೀರಲ್ಲಿ ಬೇರೆಯಾಗಿ ಜಾಲಿಸಿ, ನೆರಳಲ್ಲಿ ಒಣಗಿಸಿ. ಇನ್ನು ಖಣದ ಹಿಂಬದಿಯಲ್ಲಿ ಬುಟ್ಟಾದ ಎಳೆಗಳು ಸಡಿಲವಾಗಿ ಹಾದಿರುತ್ತವೆ. ಉಂಗುರ, ಬಳೆ ಸಿಕ್ಕಿಕೊಂಡರೆ ಕಿತ್ತು ಬರುತ್ತವೆ. ತೆಳು ಹತ್ತಿಯ ಲೈನಿಂಗ್ ಬೇಕೇ ಬೇಕು, ತೋಳಿಗಂತೂ ಬಿಡಲೇಬಾರದು.

ತಾಳ್ಮೆ ಬೇಡೋದು ಆ ಕಂಕುಳ ಚೌಕ. ನಾಲ್ಕು ಇಂಚಿನದು ತೆಗೆದುಕೊಂಡೆ. ಒಂದು ಬದಿ ತೋಳಿಗೆ, ಪಕ್ಕದ ಬದಿ ಮೈಗೆ. ಪ್ರತಿ ಮೂಲೆಯಲ್ಲೂ ಬಟ್ಟೆಯ ತುದಿವರೆಗೆ ಹೊಲಿಯದೆ, ಹೊಲಿಗೆಗೆ ಬಿಟ್ಟಷ್ಟು ಜಾಗ ಉಳಿದಾಗಲೇ ಮಿಷನ್ ನಿಲ್ಲಿಸಬೇಕು. ದಾಟಿದರೆ ಅಲ್ಲಿ ನೆರಿಗೆ ಕಟ್ಟಿ ಚರ್ಮಕ್ಕೆ ಉಜ್ಜುತ್ತದೆ. ಸರಿಯಾಗಿ ಕೂತರೆ ಬಿಎಂಟಿಸಿ ಬಸ್ಸಲ್ಲಿ ಮೇಲಿನ ಕಂಬಿ ಹಿಡಿದು ನಿಂತರೂ ಟಾಪ್ ಸೊಂಟದಿಂದ ಮೇಲೇರುವುದಿಲ್ಲ. ನನ್ನ ಟೈಲರ್ ಕೇಳಿದ್ದರು, “ಮೇಡಂ, ಇದೇನು ತೇಪೆನಾ?” ಕೈ ಎತ್ತಿ ತೋರಿಸಿದೆ. ಈಗ ಅವರೇ ಬೇರೆಯವರಿಗೂ ಇಡುತ್ತಾರೆ.

ಇದೇ ಕಟಿಂಗ್ ಮೈಸೂರ್ ಸಿಲ್ಕ್‌ಗೆ ಆಗಲ್ಲ. ಅದು ಕ್ರೇಪ್, ಮೈಮೇಲೆ ಇಳಿಬೀಳುವ ಗುಣ ಅದರದ್ದು. ನೇರ ತೋಳು ಜೋತುಬಿದ್ದು ಸಪ್ಪೆ ಕಾಣುತ್ತದೆ. ಅಲ್ಲದೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಸೀರೆಗೆ ಕತ್ತರಿ ಹಾಕೋಕೆ ನನಗೆ ಕೈ ಬರಲ್ಲ. ಮಡಿಕೆಯಲ್ಲಿ ಹರಿದಿದ್ದರೆ ಮಾತ್ರ ಅಂಚು ಬಿಡಿಸಿ ದುಪಟ್ಟಾಗೆ ಹಾಕುತ್ತೇನೆ.

ಟಾಪ್ ನೋಡಿದ ಗೆಳತಿಗೂ ಒಂದು ಬೇಕಂತೆ, ಆದರೆ ಜೇಬು ಇರಬೇಕಂತೆ. ಪಕ್ಕದ ಹೊಲಿಗೆ ನೇರವಾಗಿರುವುದರಿಂದ ಜುಬ್ಬದ ಹಾಗೇ ಅಲ್ಲಿ ಜೇಬು ಇಡೋದು ಸುಲಭ. ಫೋನಿನ ಭಾರಕ್ಕೆ ಖಣ ಜಗ್ಗಬಾರದಲ್ವಾ, ಅದಕ್ಕೆ ಜೇಬಿನ ಚೀಲವನ್ನು ಲೈನಿಂಗ್‌ಗೆ ಸೇರಿಸಿ ಹೊಲಿಯುತ್ತಿದ್ದೇನೆ.