ನಿವೃತ್ತಿಯ ಬಳಿಕ ಗಮಕಕ್ಕೆ ಮರಳಿದ್ದು

ಬ್ಯಾಂಕಿನ ಕೆಲಸದಿಂದ ನಿವೃತ್ತಳಾದಾಗ ಬಂಧುಗಳೆಲ್ಲ ಯೋಗ, ತೀರ್ಥಯಾತ್ರೆ, ಮೊಮ್ಮಕ್ಕಳು ಎಂದು ನನ್ನ ದಿನಚರಿಯನ್ನು ತಾವೇ ಹಂಚಿಹಾಕುತ್ತಿದ್ದರು. ನನ್ನ ಮನಸ್ಸಿಗೆ ಬಂದದ್ದು ಹೈಸ್ಕೂಲಿನ ದಿನಗಳಲ್ಲಿ ಕಲಿತು, ನೌಕರಿ ಮತ್ತು ವರ್ಗಾವಣೆಗಳ ನಡುವೆ ಕೈಬಿಟ್ಟುಹೋಗಿದ್ದ ಗಮಕ. ಶಿವಮೊಗ್ಗದ ಕಡೆಯವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ, ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದ ಮೇಲೆ ಹೊರಗಿನ ಅನೇಕರೂ ಈ ಕಲೆಯ ಹೆಸರು ಕೇಳಿದ್ದಾರೆ. ತಾಳದ ಕಟ್ಟಿಲ್ಲದೆ, ಶ್ರುತಿಯೊಂದನ್ನೇ ನೆಚ್ಚಿಕೊಂಡು, ಕಾವ್ಯದ ಅರ್ಥ ಕೆಡದಂತೆ ಅದನ್ನು ರಾಗದಲ್ಲಿ ವಾಚಿಸುವುದು ಗಮಕಿಯ ಕೆಲಸ.

ರಾಗಕ್ಕೆ ನಾನು ತಕ್ಷಣ ಕೈಹಾಕಲಿಲ್ಲ. ಕುಮಾರವ್ಯಾಸ ಭಾರತವನ್ನು ತೆರೆದು ಪದ್ಯಗಳನ್ನು ಗದ್ಯದಂತೆ ಗಟ್ಟಿಯಾಗಿ ಓದುತ್ತ ಹೋದೆ. ಅದರ ಛಂದಸ್ಸಾದ, ಆರು ಸಾಲುಗಳ ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ (ಉಚ್ಚಾರಣೆಯ ಕಾಲದ ಅಳತೆ) ಗಣಗಳು ಒಂದರ ಬೆನ್ನಿಗೊಂದು ಬರುತ್ತವೆ. 3 ಮತ್ತು 6ನೆಯ ಸಾಲುಗಳಲ್ಲಿ ಕೊನೆಯ ಗುರು ಅಕ್ಷರದ ಎರಡು ಮಾತ್ರೆಗಳೂ ಸೇರಿ 23 ಮಾತ್ರೆಗಳು, ಉಳಿದ ಸಾಲುಗಳಲ್ಲಿ 14. ಈ ಲೆಕ್ಕಕ್ಕೂ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆನ್ನುವ ಆದಿಪ್ರಾಸಕ್ಕೂ ಹೊಂದಿಕೊಳ್ಳಲು ಪದಗಳು ಎಷ್ಟೋ ಕಡೆ ಸಾಲಿನ ಅಂಚಿನಲ್ಲಿ ತುಂಡಾಗುತ್ತವೆ. ‘ವೇದಪುರುಷನ ಸುತನ ಸುತನ ಸ’ ಎಂದು ಮೊದಲ ಸಾಲು ಮುಗಿದು, ‘ಹೋದರನ’ ಎಂದು ಎರಡನೆಯದು ಆರಂಭವಾಗುವ ಪದ್ಯವನ್ನೇ ನೋಡಿ: ಕಣ್ಣು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ, ಆದರೆ ಉಸಿರು ‘ಸಹೋದರನ’ ಎಂಬ ಪದವನ್ನು ಇಡಿಯಾಗಿ ದಾಟಿಸಿದ ಮೇಲೆಯೇ ನಿಲ್ಲಬೇಕು. ಉಸಿರಿನ ಈ ತಾಣಗಳನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದಂತೆ, ಹುಡುಗಿಯಾಗಿದ್ದಾಗ ಗುರುಗಳು ಹೇಳಿಕೊಟ್ಟಿದ್ದ ಧಾಟಿಗಳು ಕರೆಯದೆಯೇ ಬಂದು ಕೂಡಿಕೊಂಡವು.

ದನಿ ಮೊದಲಿನಂತಿರಲಿಲ್ಲವಾದ್ದರಿಂದ ಶ್ರುತಿಯನ್ನು ಇಳಿಸಿದೆ. ಆದರೆ ಕಾವ್ಯದ ಒಳಗನ್ನು ಕಾಣುವ ಕಣ್ಣು ಈ ನಡುವಿನ ವರ್ಷಗಳಲ್ಲಿ ಬೆಳೆದಿತ್ತು ಎಂಬುದು ಉದ್ಯೋಗಪರ್ವಕ್ಕೆ ಬಂದಾಗ ತಿಳಿಯಿತು. ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಭಾಗವು ಆಗ ನನಗೆ ಸೊಗಸಾದ ರಾಗ ಮಾತ್ರವಾಗಿತ್ತು; ಈಗ ಕರ್ಣನ ಉತ್ತರಕ್ಕೆ ಮುನ್ನ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಗಮಕಕ್ಕೆ ವಾಚನದಷ್ಟೇ ವ್ಯಾಖ್ಯಾನವೂ ಬೇಕು. ನಮ್ಮ ಬೀದಿಯಲ್ಲಿರುವ ನಿವೃತ್ತ ಕನ್ನಡ ಮೇಷ್ಟ್ರು ಅದಕ್ಕೆ ಒಪ್ಪಿದರು. ಬಡಾವಣೆಯ ರಾಮಮಂದಿರದಲ್ಲಿ ಶನಿವಾರದ ಸಂಜೆ ನಾವಿಬ್ಬರೂ ಕೂರುತ್ತೇವೆ. ಕೇಳುವವರು ಕೆಲವರೇ ಆದರೂ, ಅವರಿದ್ದಾರೆಂಬ ಕಾರಣದಿಂದಲೇ ವಾರದ ನಡುವೆ ಅಭ್ಯಾಸ ತಪ್ಪುವುದಿಲ್ಲ. ಹೀಗೆ ಮರಳಿ ಆರಂಭಿಸುವವರು ಪರೀಕ್ಷೆ, ಸ್ಪರ್ಧೆಗಳಿಗೆ ಹೆಸರು ಕೊಡುವುದನ್ನು ಸ್ವಲ್ಪ ಕಾಲ ಮುಂದೂಡುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಕಚೇರಿಯ ಗಡುವುಗಳಿಂದ ಈಗಷ್ಟೇ ಬಿಡುಗಡೆಯಾದ ಮನಸ್ಸಿಗೆ ಕಾವ್ಯದ ಜೊತೆ ಅವಸರವಿಲ್ಲದೆ ಇರಲು ಅವಕಾಶ ಬೇಕು.

ಮುಂದೆ ಲಕ್ಷ್ಮೀಶನ ಜೈಮಿನಿ ಭಾರತವನ್ನು ಎತ್ತಿಕೊಳ್ಳುವ ಆಸೆಯಿದೆ. ಅದು ಬಳಸುವ ವಾರ್ಧಕ ಷಟ್ಪದಿಯದು ಐದು ಮಾತ್ರೆಗಳ ನಡೆ. ಭಾಮಿನಿಗೆ ಒಗ್ಗಿದ ಕಿವಿ ಅದಕ್ಕೆ ಹೊಂದಿಕೊಳ್ಳಲೆಂದು ಈಗಿನಿಂದಲೇ ಅದನ್ನೂ ಗದ್ಯದಂತೆ ಓದುತ್ತಿದ್ದೇನೆ.