ಟ್ರಾಲಿ ನಟ್ಟು ಬಿಗಿ ಮಾಡುವುದು ಹೇಗೆ? ಗನ್ ಎಲ್ಲಿಯವರೆಗೆ, ಟಾರ್ಕ್ ಪಾನಾ ಎಲ್ಲಿಂದ?

ದೀಪಾವಳಿ ದಾಟಿತು ಅಂದರೆ ನಮ್ಮ ಕಡೆ ಟ್ರಾಲಿಗಳಿಗೆ ಪುರಸೊತ್ತು ಇರುವುದಿಲ್ಲ. ಅಫಜಲಪುರ, ಆಳಂದದ ಕಡೆ ಕಬ್ಬು. ಸುರಪುರ, ಶಹಾಪುರದ ಕಡೆ ಭತ್ತ. ಆಮೇಲೆ ಕಲಬುರಗಿ ಗಂಜ್ ಮಾರುಕಟ್ಟೆಗೆ ತೊಗರಿ. ಶಹಾಬಾದಿನ ಪರ್ಸಿ ಕಲ್ಲಂತೂ ವರ್ಷವಿಡೀ ಸಾಗುತ್ತಲೇ ಇರುತ್ತದೆ. ಇಷ್ಟು ಭಾರ ಹೊತ್ತ ಒಂದೊಂದು ಚಕ್ರವೂ ನಿಂತಿರುವುದು ಆರೋ ಎಂಟೋ ನಟ್ಟಿನ ಮೇಲೆ. ಟೈರಿನ ಗಾಳಿ ನೋಡುತ್ತೇವೆ, ಟ್ರ್ಯಾಕ್ಟರಿನ ಆಯಿಲ್ ನೋಡುತ್ತೇವೆ. ನಟ್ಟು ಮಾತ್ರ ಪಂಚರ್ ಅಂಗಡಿಯವನು ಗನ್ (ಗಾಳಿಯ ಬಲದಿಂದ ನಟ್ಟು ತಿರುಗಿಸುವ ಯಂತ್ರ) ಹೊಡೆದನಲ್ಲ ಅಂತ ಮರೆತುಬಿಡುತ್ತೇವೆ.

ನಾನೂ ಮರೆತಿದ್ದೆ. ಕೆಲವು ವರ್ಷದ ಹಿಂದೆ ತೊಗರಿ ಚೀಲ ಹೇರಿಕೊಂಡು ಬರುವಾಗ ಚೌಡಾಪುರದ ಹತ್ತಿರ ರಾತ್ರಿ ಟ್ರಾಲಿ ಪಂಚರ್ ಆಯಿತು. ಜ್ಯಾಕ್ ಇತ್ತು, ಸ್ಟೆಪ್ನಿ ಇತ್ತು, ಪಾನಾ ಇತ್ತು. ನಟ್ಟು ಅಲುಗಲಿಲ್ಲ. ಪಾನಾಕ್ಕೆ ಪೈಪ್ ಹಾಕಿ ಇಬ್ಬರು ಜಗ್ಗಿದೆವು. ಎರಡು ಬಿಚ್ಚಿದವು, ಮೂರನೆಯದು ಟಕ್ ಅಂತ ಸ್ಟಡ್ (ನಟ್ಟು ಕೂರುವ ಬೋಲ್ಟ್) ಸಮೇತ ಮುರಿದು ಕೈಗೆ ಬಂತು. ತಿಂಗಳ ಹಿಂದಷ್ಟೇ ಒಂದು ಅಂಗಡಿಯಲ್ಲಿ ಆ ಚಕ್ರದ ಟೈರ್ ಬದಲಿಸಿ, ಗನ್ನಿನಲ್ಲಿ ಜೋರಾಗಿ ಬಿಗಿ ಮಾಡಿಸಿದ್ದೆ.

ಬೆಳಿಗ್ಗೆ ಬಂದ ಮಿಸ್ತ್ರಿ ಮುರಿದ ತುಂಡನ್ನು ಬಿಸಿಲಿಗೆ ಹಿಡಿದು ತೋರಿಸಿದ. ಥ್ರೆಡ್ ಶುರುವಾಗುವ ಕಡೆ ಸ್ಟಡ್ ಸಣ್ಣಗಾಗಿತ್ತು, ಹಿಟ್ಟು ಎಳೆದರೆ ನಡುವೆ ತೆಳ್ಳಗಾಗುತ್ತದಲ್ಲ, ಹಾಗೆ. ಮುರಿಯದೆ ಉಳಿದ ಪಕ್ಕದ ಸ್ಟಡ್ಡಿಗೆ ಹೊಸ ನಟ್ಟು ಹಾಕಿದ. ಅರ್ಧ ಹೋಗಿ ಅಲ್ಲೇ ನಿಂತಿತು. “ಕಾಕಾ, ಇದು ನಿನ್ನೆ ರಾತ್ರಿ ಕೆಟ್ಟಿದ್ದಲ್ರಿ. ಬಿಗಿ ಮಾಡಿದ ದಿನಾನೇ ಎಳದು ಉದ್ದ ಆಗ್ಯದ. ಥ್ರೆಡ್ ಅಂತರಾನೇ ತಪ್ಪ್ಯದ ನೋಡ್ರಿ” ಎಂದ. ಆವತ್ತಿನಿಂದ ನಾನು ನಟ್ಟು ಬಿಗಿ ಮಾಡುವ ರೀತಿಯನ್ನೇ ಬದಲಿಸಿದೆ.

ಬಿಗಿ ಅಂದರೆ ಏನು

ಬೋಲ್ಟ್ ಒಂದು ಸ್ಪ್ರಿಂಗ್ ಇದ್ದಂತೆ. ನಟ್ಟು ತಿರುಗಿಸಿದಂತೆ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ವಾಪಸ್ ಕುಗ್ಗಲು ನೋಡುತ್ತದೆ. ಆ ಎಳೆತವೇ ರಿಮ್ಮನ್ನು ಹಬ್ಬಿಗೆ, ಅಂದರೆ ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗಕ್ಕೆ, ಒತ್ತಿ ಹಿಡಿಯುವುದು. ಎಳೆತ ಕಡಿಮೆಯಾದರೆ ರಿಮ್ ಅಲುಗಾಡಿ ಸ್ಟಡ್ಡನ್ನು ಕೊರೆಯುತ್ತದೆ. ಜಾಸ್ತಿಯಾದರೆ ಬೋಲ್ಟ್ ಹಿಗ್ಗಿ ಹಾಗೇ ಉಳಿದುಬಿಡುತ್ತದೆ, ಮತ್ತೆ ಕುಗ್ಗುವುದೇ ಇಲ್ಲ. ಆಗ ನಟ್ಟು ಬಿಗಿ ಇದ್ದಂತೆ ಕಂಡರೂ ಹಿಡಿತ ಇರುವುದಿಲ್ಲ.

ತಿರುಗಿಸುವ ಬಲಕ್ಕೆ ಟಾರ್ಕ್ ಅನ್ನುತ್ತಾರೆ. ಅಳತೆ ನ್ಯೂಟನ್ ಮೀಟರ್. ಅರ್ಧ ಮೀಟರ್ ಉದ್ದದ ಪಾನಾದ ತುದಿಗೆ 40 ಕಿಲೋ ಭಾರ ಬಿಟ್ಟರೆ ಸುಮಾರು 200 ನ್ಯೂಟನ್ ಮೀಟರ್. 16 ಮಿಲಿಮೀಟರ್ ದಪ್ಪದ ಗಟ್ಟಿ ಬೋಲ್ಟಿಗೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಈಗ ಒಂದು ಮೀಟರ್ ಪೈಪ್ ಹಾಕಿ 70 ಕಿಲೋ ಆಳು ಅದರ ಮೇಲೆ ಹತ್ತಿ ನಿಂತ ಅಂತ ಇಟ್ಟುಕೊಳ್ಳಿ. ಸುಮಾರು 690 ಆಯಿತು, ಮೂರು ಪಟ್ಟಿಗಿಂತ ಜಾಸ್ತಿ! ಅರ್ಧ ಇಂಚಿನ ಗಾಳಿ ಗನ್ನುಗಳೂ ಇದೇ ಮಟ್ಟಕ್ಕೆ ಸಲೀಸಾಗಿ ಹೋಗುತ್ತವೆ.

ಗನ್ನಿನೊಳಗೆ ಒಂದು ಸುತ್ತಿಗೆ ತಿರುಗುತ್ತಾ ಬಡಿಯುತ್ತಿರುತ್ತದೆ. ಕುದುರೆ ಒತ್ತಿ ಹಿಡಿದಷ್ಟು ಹೊತ್ತು ಪೆಟ್ಟು ಬೀಳುತ್ತಲೇ ಇರುತ್ತದೆ, ನಟ್ಟು ಇನ್ನಷ್ಟು ಹೋಗುತ್ತಲೇ ಇರುತ್ತದೆ. ಟ್ಯಾಂಕಿನಲ್ಲಿ ಗಾಳಿ ಕಡಿಮೆ ಇದ್ದಾಗ ಒಂದು ಬಿಗಿ, ತುಂಬಿದ್ದಾಗ ಇನ್ನೊಂದು ಬಿಗಿ. ಹಾಗಾಗಿ ಎಷ್ಟು ಟಾರ್ಕ್ ಬಿತ್ತು ಅಂತ ಗನ್ ಹಿಡಿದವನಿಗೂ ಗೊತ್ತಾಗುವುದಿಲ್ಲ. ಬಿಚ್ಚಲು, ನಟ್ಟನ್ನು ಬೇಗ ಕೂರಿಸಲು ಗನ್ ತುಂಬಾ ಒಳ್ಳೆಯ ಸಾಮಾನು. ಕೊನೆಯ ಬಿಗಿಗೆ ಟಾರ್ಕ್ ಅಳೆಯುವ ಪಾನಾನೇ, ಅಂದರೆ ಟಾರ್ಕ್ ಪಾನಾನೇ ಬೇಕು.

ಅಂಕಿ ಎಲ್ಲಿಂದ ತರುವುದು

ಟ್ರಾಲಿಯದ್ದೋ ಆಕ್ಸಲ್‌ನದ್ದೋ ಕಂಪನಿ ಪುಸ್ತಕ ಇದ್ದರೆ ಅದರ ಅಂಕಿಯೇ ಕಡೆಯ ಮಾತು. ಚಕ್ರದ ನಟ್ಟಿಗಂತೂ ಅದನ್ನೇ ಹಿಡಿಯಿರಿ. ಆಕ್ಸಲ್ ಮಾರಿದವರನ್ನು ಕೇಳಿಯಾದರೂ ತಿಳಿದುಕೊಳ್ಳಿ. ಊರಲ್ಲೇ ವೆಲ್ಡಿಂಗ್ ಮಾಡಿಸಿದ ಟ್ರಾಲಿಯ ಉಳಿದ ಬೋಲ್ಟುಗಳಿಗೆ ದಪ್ಪ ಮತ್ತು ತಲೆಯ ಮೇಲಿನ ಗುರುತು ನೋಡಬೇಕು. ತಲೆಯ ಮೇಲೆ 8.8 ಅಂತ ಇದ್ದರೆ ಗಟ್ಟಿ ಬೋಲ್ಟ್. ಎಣ್ಣೆ ಇಲ್ಲದ ಒಣ ಥ್ರೆಡ್ಡಿಗೆ 12 ಮಿಲಿಮೀಟರಿಗೆ ಸುಮಾರು 80, 16ಕ್ಕೆ ಸುಮಾರು 200, 20ಕ್ಕೆ ಸುಮಾರು 400 ನ್ಯೂಟನ್ ಮೀಟರ್. ದಪ್ಪ ಸ್ವಲ್ಪ ಏರಿದರೂ ಟಾರ್ಕ್ ಎಷ್ಟು ಏರುತ್ತದೆ ನೋಡಿ. ಅದಕ್ಕೇ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. 4.6 ಅಂತ ಇರುವುದು ಮೆತ್ತನೆಯ ಬೋಲ್ಟ್, ಅದಕ್ಕೆ ಈ ಅಂಕಿಯ ಅರ್ಧವೂ ತಡೆಯುವುದಿಲ್ಲ. ಗುರುತೇ ಇಲ್ಲದ ಬೋಲ್ಟನ್ನು ಭಾರ ಹೊರುವ ಜಾಗಕ್ಕೆ ಹಾಕಲೇಬೇಡಿ.

ಚಕ್ರ ಕೂರಿಸುವ ಕೆಲಸ

ಮೊದಲು ಸ್ವಚ್ಛ ಮಾಡಿ. ನಮ್ಮ ಎರೆಮಣ್ಣು ರಿಮ್ಮಿಗೂ ಹಬ್ಬಿಗೂ ನಡುವೆ ಹೊಕ್ಕು ಒಣಗಿ ಕಲ್ಲಿನಂತಾಗಿರುತ್ತದೆ. ಅದರ ಮೇಲೇ ಬಿಗಿ ಮಾಡಿದರೆ ಪಾನಾ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಆದರೆ ಹೊಂಡದ ನಾಲ್ಕು ಹೊಡೆತ ಬಿದ್ದ ಮೇಲೆ ಮಣ್ಣು ಪುಡಿಯಾಗಿ ಉದುರುತ್ತದೆ, ನಟ್ಟು ಸಡಿಲಾಗುತ್ತದೆ. ದಪ್ಪಗೆ ಬಳಿದ ಬಣ್ಣವೂ ಹೀಗೇ. ತಂತಿ ಬ್ರಶ್ ಹಾಕಿ ಎರಡೂ ಮುಖ ಉಜ್ಜಿ, ಸ್ಟಡ್ಡಿನ ತುಕ್ಕು ತೆಗೆಯಿರಿ.

ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಹಚ್ಚುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಪುಸ್ತಕದಲ್ಲಿ ಹಚ್ಚಿ ಅಂತ ಇಲ್ಲದಿದ್ದರೆ ಹಚ್ಚಬೇಡಿ. ನಾವು ಹಾಕುವ ಟಾರ್ಕ್‌ನಲ್ಲಿ ಸುಮಾರು 10ರಲ್ಲಿ 9 ಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಉಳಿದ ಒಂದು ಪಾಲು ಬೋಲ್ಟನ್ನು ಎಳೆಯುತ್ತದೆ. ಎಣ್ಣೆ ಹಚ್ಚಿದರೆ ತಿಕ್ಕಾಟ ಇಳಿದು, ಅದೇ ಅಂಕಿಗೆ ಬೋಲ್ಟ್ ಬಹಳ ಹೆಚ್ಚು ಹಿಗ್ಗುತ್ತದೆ.

ಇನ್ನು ನಟ್ಟನ್ನು ಕೈಯಿಂದಲೇ ಹಚ್ಚಿ. ಕನಿಷ್ಠ ನಾಲ್ಕೈದು ಸುತ್ತು ಬೆರಳಿನಲ್ಲೇ ಹೋಗಬೇಕು. ಬೆರಳಿಗೆ ಹೋಗದ ನಟ್ಟನ್ನು ಗನ್ ಬಲವಂತವಾಗಿ ತಳ್ಳುತ್ತದೆ, ಥ್ರೆಡ್ ಕತ್ತರಿಸಿ ಹೋಗುತ್ತದೆ. ಕೋನ್ ಆಕಾರದ ಮುಖ ಇದ್ದರೆ ಅದು ರಿಮ್ಮಿನ ಕಡೆಗೇ ಇರಲಿ.

ಆಮೇಲೆ ಗನ್. ಸ್ಪೀಡ್ ಬಟನ್ ಇದ್ದರೆ ಎಲ್ಲಕ್ಕಿಂತ ಕೆಳಗೆ ಇಡಿ. ನಟ್ಟು ರಿಮ್ಮಿಗೆ ತಾಗಿ ಮೊದಲ ಟರ್ರ್ ಶಬ್ದ ಬರುತ್ತಿದ್ದಂತೆ ಬೆರಳು ತೆಗೆಯಿರಿ. ಸಾಕೆಟ್ ಕಪ್ಪು ಬಣ್ಣದ್ದು, ಗನ್ನಿಗೆಂದೇ ಮಾಡಿದ್ದಾಗಿರಲಿ. ಹೊಳೆಯುವ ಸಾಕೆಟ್ ಕೈ ಪಾನಾಕ್ಕೆ ಮಾಡಿದ್ದು, ಗನ್ನಿನ ಪೆಟ್ಟು ಬಿದ್ದರೆ ಸೀಳಿ ಚೂರು ಮುಖಕ್ಕೆ ಹಾರಬಹುದು. ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿಯಲ್ಲ, ಸರಿಯಾದ ಪ್ಲಗ್ ಹಾಕಿಕೊಳ್ಳಿ.

ಒಂದರ ಪಕ್ಕ ಒಂದು ಬಿಗಿ ಮಾಡುತ್ತಾ ಹೋಗಬೇಡಿ, ರಿಮ್ ಓರೆಯಾಗಿ ಕೂರುತ್ತದೆ. ಒಂದು ನಟ್ಟು ಆದ ಮೇಲೆ ಅದರ ಎದುರಿನದು, ಹಾಗೇ ಅಡ್ಡಡ್ಡ.

ಈಗ ಜ್ಯಾಕ್ ಇಳಿಸಿ. ಟೈರ್ ನೆಲ ಹಿಡಿದರೆ ಚಕ್ರ ತಿರುಗುವುದಿಲ್ಲ. ಕ್ಲಿಕ್ ಆಗುವ ಟಾರ್ಕ್ ಪಾನಾಕ್ಕೆ ಮೊದಲು ಬೇಕಾದ ಅಂಕಿಯ ಅರ್ಧ ಇಟ್ಟು ಒಂದು ಸುತ್ತು ಬನ್ನಿ, ಆಮೇಲೆ ಪೂರ್ತಿ ಅಂಕಿ. ಹಿಡಿಯ ಮೇಲೇ ಕೈ ಇಟ್ಟು, ನಿಧಾನವಾಗಿ, ಒಂದೇ ಸಮ ಜಗ್ಗಿ. ಕ್ಲಿಕ್ ಅಂದ ತಕ್ಷಣ ನಿಲ್ಲಿಸಿ. ಖಾತ್ರಿಗೆ ಅಂತ ಸುಮ್ನೆ ಇನ್ನೆರಡು ಸಲ ಜಗ್ಗುವವರನ್ನು ನೋಡಿದ್ದೇನೆ. ಆ ಎರಡು ಜಗ್ಗಿನಲ್ಲೇ ಅಳತೆ ತಪ್ಪುತ್ತದೆ. ಒಂದು ನೆನಪಿರಲಿ: ಗನ್ ಈಗಾಗಲೇ ಜಾಸ್ತಿ ಬಿಗಿ ಮಾಡಿದ್ದರೂ ಟಾರ್ಕ್ ಪಾನಾ ಕ್ಲಿಕ್ ಅನ್ನುತ್ತದೆ. ನಟ್ಟು ಒಂದಿಷ್ಟೂ ತಿರುಗದೆ ಕ್ಲಿಕ್ ಆದರೆ ಅನುಮಾನ ಪಡಿ. ಸಡಿಲಿಸಿ, ಮತ್ತೆ ಮೊದಲಿನಿಂದ ಮಾಡಿ.

ಕೊನೆಗೆ ನಟ್ಟಿನಿಂದ ರಿಮ್ಮಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಚಹಾಕ್ಕೆ ನಿಂತಾಗ ಒಂದು ಸುತ್ತು ಹಾಕಿದರೆ ಸಾಕು, ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತಲೇ ಅರ್ಥ. ಗೆರೆ ಸರಿ ಇದ್ದರೂ ಹೊಸದಾಗಿ ಕೂರಿಸಿದ ಚಕ್ರವನ್ನು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಲೇಬೇಕು, ಲೋಹಗಳು ಒಂದಕ್ಕೊಂದು ಕೂತು ಬಿಗಿ ಸ್ವಲ್ಪ ಇಳಿದಿರುತ್ತದೆ.

ಗನ್ ಮುಟ್ಟಿಸಬಾರದ ಜಾಗ

ಹಬ್ಬಿನ ಬೇರಿಂಗ್ ನಟ್ಟಿಗೆ ಗನ್ ಹಿಡಿಯಲೇಬೇಡಿ. ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ತೂತಿಗೆ ಹೊಂದಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಅಲ್ಲಿ ಜಾಸ್ತಿ ಬಿಗಿಯಾದರೆ ಬೇರಿಂಗ್ ಕಾದು ಸುಟ್ಟುಹೋಗುತ್ತದೆ. ಕಮಾನ್ ಪಟ್ಟಿಯ ಯು ಬೋಲ್ಟುಗಳ ನಾಲ್ಕೂ ನಟ್ಟನ್ನು ಅಡ್ಡಡ್ಡ, ಸ್ವಲ್ಪ ಸ್ವಲ್ಪ ಏರಿಸುತ್ತಾ ಬನ್ನಿ. ಪ್ಲಾಸ್ಟಿಕ್ ಉಂಗುರದ ಲಾಕ್ ನಟ್ಟು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಿ.

ಟಾರ್ಕ್ ಪಾನಾದಿಂದ ನಟ್ಟು ಬಿಚ್ಚಬೇಡಿ, ಅದಕ್ಕೆ ಮಾಮೂಲಿ ಪಾನಾ ಇದೆ. ಒಬ್ಬರಿಗೆ ದುಬಾರಿ ಅನಿಸಿದರೆ ಊರಿನ ನಾಲ್ಕೈದು ಟ್ರಾಲಿಯವರು ಕೂಡಿ ಒಂದು ತರಬಹುದು, ನಾವು ಹಾಗೇ ಮಾಡಿದ್ದು. ಕೆಲಸ ಮುಗಿದ ಮೇಲೆ ಅಂಕಿಯನ್ನು ಎಲ್ಲಕ್ಕಿಂತ ಕೆಳಗಿನ ಗೆರೆಗೆ ಇಳಿಸಿ ಡಬ್ಬದಲ್ಲಿಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ದಣಿಯುತ್ತದೆ. ವರ್ಷಕ್ಕೊಮ್ಮೆ ಅಳತೆ ಸರಿ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಕಬ್ಬಿನ ಸುಗ್ಗಿ ಶುರುವಾಗುವ ಮೊದಲು ಮಾಡಿಸಿದರೆ ಒಳ್ಳೆಯದು.