ಅಂಡಮಾನಿನ ಮಳೆಸುದ್ದಿ, ಆಳಂದದ ಬಿತ್ತನೆ

ಮೇ ಮೂರನೇ ವಾರ ಬಂತೆಂದರೆ ನಮ್ಮೂರ ಕಟ್ಟೆ ಮೇಲೆ ಕೂತ ಕಾಕಾಗಳದು ಒಂದೇ ಪ್ರಶ್ನೆ: "ತಮ್ಮಾ, ಅಂಡಮಾನಕ್ಕ ಮಳಿ ಬಂತಂತಲ್ಲೋ, ಬಿತ್ತೂಣೇನು?" ಆಳಂದ ತಾಲ್ಲೂಕಿನ ಎರೆಹೊಲದಲ್ಲಿ ಹೆಸರು, ತೊಗರಿ ಬೆಳೆಯುವ ನನಗೂ ಆಗ ದಿನಾ ಆ ದ್ವೀಪಗಳ ವಾರದ ಮುನ್ಸೂಚನೆ ಓದುವ ಚಟ. ನಮ್ಮ ದೇಶದಲ್ಲಿ ಮುಂಗಾರು ಮೊದಲು ಕಾಲಿಡುವುದೇ ಅಲ್ಲಿ.

ಆದರೆ ಅದನ್ನು ನಂಬಿ ಕೂರಿಗೆ ಹೂಡುವವನಲ್ಲ ನಾನು. 2023ರಲ್ಲೂ 2024ರಲ್ಲೂ ಮುಂಗಾರು ನಿಕೋಬಾರ್ ಮುಟ್ಟಿದ್ದು ಮೇ 19ಕ್ಕೇ. ಕೇರಳಕ್ಕೆ ಬಂದದ್ದು ಮಾತ್ರ ಮೊದಲ ವರ್ಷ ಜೂನ್ 8ಕ್ಕೆ, ಮರುವರ್ಷ ಮೇ 30ಕ್ಕೆ. 2023ರ ಜೂನ್ ಮೊದಲ ವಾರ ಅರಬ್ಬೀ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು ಕೂತಿತ್ತು.

ದ್ವೀಪದ ಮುನ್ಸೂಚನೆಯಲ್ಲಿ ಮಳೆಯ ಸಾಲು ನೋಡಿ ನಾನು ಹಿಗ್ಗುವುದಿಲ್ಲ. ಸುತ್ತ ಕಡಲಿದ್ದ ಜಾಗ, ಮುಂಗಾರಿಲ್ಲದೆಯೂ ಗುಡುಗಿ ಸುರಿಯುತ್ತದೆ. ನೋಡುವುದು ಗಾಳಿಯನ್ನು. ಗಂಟೆಗೆ 40–50 ಕಿ.ಮೀ. ಗಾಳಿ, ಮೀನುಗಾರರು ಕಡಲಿಗಿಳಿಯಬೇಡಿ ಎಂಬ ಎಚ್ಚರಿಕೆ ದಿನ ಬಿಡದೆ ಬಂದರೆ ನೈರುತ್ಯ ಗಾಳಿಗೆ ಕಸುವು ಬಂತು ಅಂತ ಲೆಕ್ಕ, ನಡುವೆ ವಾಯುಭಾರ ಕುಸಿತ ಇಲ್ಲದಿದ್ದರೆ. ಆಮೇಲೆ ಕಣ್ಣು ಲಕ್ಷದ್ವೀಪದ ಕಡೆ. ಕೇರಳಕ್ಕೆ ಮುಂಗಾರು ಬಂತೆಂದು ಸಾರಲು ಹವಾಮಾನ ಇಲಾಖೆ ನೋಡುವ 14 ಕೇಂದ್ರಗಳಲ್ಲಿ ಮಿನಿಕಾಯ್, ಅಮಿನಿ ಎರಡೂ ಇವೆ, ನಮ್ಮ ಮಂಗಳೂರೂ ಇದೆ. ಶೇ. 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿ.ಮೀ. ಇಲ್ಲವೇ ಹೆಚ್ಚು ಮಳೆಯಾಗಬೇಕು, ಪಶ್ಚಿಮದ ಗಾಳಿಯೂ ಜೊತೆಗಿರಬೇಕು. ಗುರುವಾರ ಬರುವ ನಾಲ್ಕು ವಾರಗಳ ಮುನ್ನೋಟದಲ್ಲಿ ಮೊದಲೆರಡು ವಾರ ಓದುತ್ತೇನೆ, ಉಳಿದದ್ದು ಬಿಡುತ್ತೇನೆ.

ನಿಕೋಬಾರಿನ ಸುದ್ದಿ ಬಂದ ವಾರ ಹೊಲ ಹರಗಿ ಮುಗಿಸುತ್ತೇನೆ. ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ವಿಚಾರಿಸಿ, ನೆಟೆ ರೋಗ ತಡೆಯಲು ಬೀಜಕ್ಕೆ ಲೇಪಿಸುವ ಟ್ರೈಕೋಡರ್ಮಾ ತಂದಿಡುತ್ತೇನೆ. ಅಷ್ಟೇ.

ಬಿತ್ತುವ ಮಾತನ್ನು ಹೊಲವೇ ಹೇಳಬೇಕು. ಮಿರಗದ (ಮೃಗಶಿರಾ) ಮಳೆ ನಮ್ಮೂರಿಗೆ ಬಿದ್ದರೆ ಪಕ್ಕದೂರಿಗಿಲ್ಲ. ಮಳೆ ನಿಂತ ಮರುದಿನ ಕಳೆ ತೆಗೆಯುವ ಕುರ್ಚಿಗೆಯಿಂದ ಅಗೆದು ನೋಡುತ್ತೇನೆ: ಒಂದು ಗೇಣು ಹಸಿ ಇಳಿದಿರಬೇಕು, ಹಿಡಿ ಮಣ್ಣು ಅಮುಕಿದರೆ ಉಂಡೆಯಾಗಬೇಕು, ಬೆರಳಿಗೆ ಮೆತ್ತಬಾರದು. ಮೇಲೆ ಒದ್ದೆ, ಕೆಳಗೆ ಬಿರುಕು ಹಾಗೇ ಇದ್ದರೆ ಕಾಯುತ್ತೇನೆ. ಜೂನ್ ದಾಟಿದರೆ ಹೆಸರಿನ ಆಸೆ ಬಿಟ್ಟು ಆ ತುಂಡಿಗೂ ತೊಗರಿಯನ್ನೇ ಹಾಕುವುದು; ಅದಕ್ಕೆ ಜುಲೈ ನಡುವಿನತನಕ ಹೊತ್ತಿರುತ್ತದೆ.